ಮಗುವಿಗೆ ಹುಷಾರಿಲ್ಲ: ಇವತ್ತು ಡೇಕೇರ್‌ಗೆ ಕಳಿಸಬೇಕಾ, ಬೇಡವಾ?

‘ಮೂಗು ಸೋರ್ತಾ ಇದೆ, ಜ್ವರ ಇಲ್ಲ, ಕಳಿಸಲಾ?’ ‘ರಾತ್ರಿ ಒಂದು ಸಲ ವಾಂತಿ ಮಾಡಿಕೊಂಡಳು, ಈಗ ಚೆನ್ನಾಗಿ ಆಡ್ತಿದ್ದಾಳೆ, ಪರವಾಗಿಲ್ವಾ?’ ‘ಜ್ವರ ಹೋಗಿ ಎಷ್ಟು ಹೊತ್ತು ಕಾಯಬೇಕು?’ ಪುಟ್ಟ ಮಕ್ಕಳಿರುವ ಓದುಗರು ನನಗೆ ಬರೆಯುವಾಗ ತಿರುಗಿ ತಿರುಗಿ ಕೇಳುವುದು ಇದನ್ನೇ. ಅದಕ್ಕೇ ಉತ್ತರಗಳನ್ನೆಲ್ಲ ಒಂದೇ ಕಡೆ ಸೇರಿಸಿ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ನಾವು ಎಡವುವುದು ಎರಡು ಕಡೆ. ಹಸಿರು ಸಿಂಬಳ ನೋಡಿ ಹೆದರಿ, ಆಡಿಕೊಂಡಿರುವ ಮಗುವನ್ನು ವಾರಗಟ್ಟಲೆ ಮನೆಯಲ್ಲಿ ಕೂರಿಸುತ್ತೇವೆ. ಇನ್ನೊಂದು ದಿನ, ಸಿರಪ್ ಕುಡಿಸಿ ಇಳಿಸಿದ ಜ್ವರವನ್ನು ‘ಹೋಯ್ತು’ ಅಂದುಕೊಂಡು ಕಳಿಸಿಬಿಡುತ್ತೇವೆ. ಕಣ್ಣಿಗೆ ಜಾಸ್ತಿ ಕಾಣುವ ಕಾಯಿಲೆಯೇ ಜಾಸ್ತಿ ಅಪಾಯದ್ದು ಅಂತೇನಿಲ್ಲ. ಮಗು ಒಟ್ಟಾರೆ ಹೇಗಿದೆ ಅನ್ನುವುದನ್ನು ಮೊದಲು ನೋಡಬೇಕು. ಮೂಗು, ಕೆಮ್ಮು, ಗುಳ್ಳೆ ಎಲ್ಲ ಆಮೇಲೆ.

ಮೊದಲೇ ಸಿದ್ಧವಿರಬೇಕಾದವು

ಒಂದು ಡಿಜಿಟಲ್ ಥರ್ಮಾಮೀಟರ್. ಒಂದು ಸಣ್ಣ ನೋಟ್‌ಬುಕ್, ಇಲ್ಲದಿದ್ದರೆ ಫೋನಿನಲ್ಲೇ ಬರೆದುಕೊಳ್ಳುವ ಜಾಗ. ಮಕ್ಕಳ ಡಾಕ್ಟರ ನಂಬರ್. ಮಗುವಿನ ಈಗಿನ ತೂಕ, ಯಾಕಂದರೆ ಔಷಧಿಯ ಅಳತೆ ನಿಂತಿರುವುದು ತೂಕದ ಮೇಲೆ. ನಿಮ್ಮ ಡೇಕೇರ್‌ನ ಕಾಯಿಲೆ ನಿಯಮಗಳು, ಬರವಣಿಗೆಯಲ್ಲಿ. ಈ ಕೊನೆಯದನ್ನು ಹೆಚ್ಚಿನವರು ಸೇರಿಸುವ ದಿನ ಸಹಿ ಹಾಕಿ ಮರೆತಿರುತ್ತಾರೆ. ಇವತ್ತೇ ಹುಡುಕಿ ಓದಿ. ನಾನು ಇಲ್ಲಿ ಹೇಳುವುದು ಸಾಮಾನ್ಯ ಲೆಕ್ಕ. ಒಂದೊಂದು ಡೇಕೇರ್ ಇದಕ್ಕಿಂತ ಬಿಗಿಯಾಗಿರಬಹುದು. ಆಗ ಅವರ ನಿಯಮವೇ ನಡೆಯುತ್ತದೆ.

ಹಾಗೆಯೇ, ಮಗು ಹುಷಾರು ತಪ್ಪಿದ ದಿನ ಯಾರು ರಜೆ ಹಾಕುವುದು ಅನ್ನುವ ಮಾತನ್ನು ಮಗು ಚೆನ್ನಾಗಿರುವಾಗಲೇ ಮುಗಿಸಿಡಿ. ಬೆಳಗ್ಗೆ ಏಳು ಗಂಟೆಗೆ, ಇಬ್ಬರಿಗೂ ಅವಸರ ಇರುವಾಗ ಈ ಮಾತು ಶುರುವಾದರೆ ಮನಸ್ಸು ತಾನಾಗಿ ‘ಅಷ್ಟೇನಿಲ್ಲ, ಕಳಿಸೋಣ’ ಅನ್ನುವ ಕಡೆಗೇ ವಾಲುತ್ತದೆ.

1. ಇದು ಆಸ್ಪತ್ರೆಗೆ ಓಡಬೇಕಾದ ಬೆಳಗ್ಗೆಯೇ? ಅದನ್ನು ಮೊದಲು ನೋಡಿ

ಡೇಕೇರ್ ಮಾತು ಆಮೇಲೆ. ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ:

– ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ. ಕೂಸು ನೋಡಲು ಚೆನ್ನಾಗಿದ್ದರೂ ಕಾಯಬೇಡಿ.
– ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಮೈ ಚೆಲ್ಲಿಕೊಂಡು ಬೀಳುವುದು, ಏನು ಮಾಡಿದರೂ ನಿಲ್ಲದ ಅಳು.
– ತುಟಿ, ನಾಲಿಗೆ ನೀಲಿಯಾಗುವುದು, ಉಸಿರಿಗೆ ಒದ್ದಾಡುವುದು.
– ಜ್ವರದ ಜೊತೆ ಕುತ್ತಿಗೆ ಬಿಗಿಯುವುದು, ಅಥವಾ ಒತ್ತಿದರೂ ಮಾಯವಾಗದ ಕೆಂಪು-ನೇರಳೆ ಚುಕ್ಕೆಗಳು. ಒಂದು ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ಹಿಡಿಯಿರಿ. ಗಾಜಿನ ಮೂಲಕ ಚುಕ್ಕೆ ಹಾಗೇ ಕಾಣುತ್ತಿದ್ದರೆ ಅದು ತುರ್ತು.
– ಎಂಟು ಗಂಟೆ ಹೊತ್ತು ಉಚ್ಚೆ ಮಾಡದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ಬಾಯಿ ಒಣಗಿರುವುದು, ಕೂಸಿನ ನೆತ್ತಿಯ ಮೆತ್ತನೆ ಜಾಗ ಒಳಕ್ಕೆ ಇಳಿದಿರುವುದು. ಮೈಯಲ್ಲಿ ನೀರು ಕಮ್ಮಿಯಾಗಿದೆ ಅನ್ನುವುದಕ್ಕೆ ಇವು ಗುರುತು.
– ಜ್ವರದಲ್ಲಿ ಫಿಟ್ಸ್ ಬರುವುದು. ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯೊಳಗೆ ಏನನ್ನೂ ಇಡಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಿ. ಬೇಗ ನಿಂತರೂ, ಮೊದಲ ಸಲವಾದರೆ ಅವತ್ತೇ ಡಾಕ್ಟರಿಗೆ ತೋರಿಸಲೇಬೇಕು.

ಉಸಿರು ಎಣಿಸುವುದನ್ನು ಪ್ರತಿ ಮನೆಯಲ್ಲೂ ಕಲಿತಿರಬೇಕು. ಮಗು ಅಳದೆ ಸುಮ್ನೆ ಇರುವಾಗ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಂಗಿ ಮೇಲೆತ್ತಿ. ಹೊಟ್ಟೆ ಮೇಲೆದ್ದು ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಷ್ಟು ಮಾಡಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಎಣಿಸುವಾಗಲೇ ಪಕ್ಕೆಲುಬಿನ ಕೆಳಗೂ ನೋಡಿ. ಉಸಿರು ಒಳಗೆಳೆದಾಗಲೆಲ್ಲ ಅಲ್ಲಿ ಚರ್ಮ ಗುಳಿ ಬೀಳುತ್ತಿದ್ದರೆ ಸಂಖ್ಯೆ ಎಷ್ಟೇ ಇರಲಿ, ಹೊರಡಿ.

2. ಜ್ವರವನ್ನು ಅಳೆಯಿರಿ, ಕೈಯಿಟ್ಟು ಊಹಿಸಬೇಡಿ

ಅಂಗೈಗೆ ಬಿಸಿ ಅನ್ನಿಸಿದ್ದು ಜ್ವರವೇ ಆಗಿರಬೇಕಿಲ್ಲ. ಹೊದಿಕೆಯೊಳಗಿಂದ ಈಗಷ್ಟೇ ಎದ್ದ ಮಗುವಿನ ಮೈ ಬೆಚ್ಚಗೇ ಇರುತ್ತದೆ. ಹೊದಿಕೆ ತೆಗೆದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ. ಕಂಕುಳಲ್ಲಿ ಇಡುವುದಾದರೆ ಬೆವರು ಒರೆಸಿ, ಥರ್ಮಾಮೀಟರ್‌ನ ತುದಿ ಬಟ್ಟೆಗೆ ತಾಗದೆ ಚರ್ಮಕ್ಕೇ ತಾಗುವಂತೆ ಇಟ್ಟು, ತೋಳನ್ನು ಒತ್ತಿ ಹಿಡಿದುಕೊಳ್ಳಿ. ಕಂಕುಳಲ್ಲಿ ತೋರಿಸುವುದು ಮೈಯೊಳಗಿನ ನಿಜವಾದ ಬಿಸಿಗಿಂತ ಸ್ವಲ್ಪ ಕಮ್ಮಿ. ಹಾಗಾಗಿ ಅಲ್ಲಿ 37.7 ಬಂದು ಮಗು ಸಪ್ಪಗಿದ್ದರೆ ‘38 ಆಗಿಲ್ವಲ್ಲ’ ಅಂತ ನೆಮ್ಮದಿಯಾಗಬೇಡಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಪ್ರತಿ ಸಲವೂ ಎಷ್ಟು ಬಂತು, ಎಷ್ಟು ಗಂಟೆಗೆ ಬಂತು ಅಂತ ಬರೆದಿಡಿ. ಡಾಕ್ಟರ್ ಮೊದಲು ಕೇಳುವುದೇ ಅದನ್ನು.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಇದೇ ಹಂತದಲ್ಲಿ. ಬೆಳಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು, ಜ್ವರ ಇಳಿದ ಮೇಲೆ ಕಳಿಸುವುದು. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಐಬುಪ್ರೊಫೆನ್ ಆದರೆ ಆರರಿಂದ ಎಂಟು. ಅಷ್ಟಾದ ಮೇಲೆ ಜ್ವರ ಮತ್ತೆ ಏರುತ್ತದೆ. ನಾನೂ ಒಮ್ಮೆ ಹೀಗೆ ಮಾಡಿದ್ದೆ. ಹನ್ನೊಂದೂವರೆಗೆ ಡೇಕೇರ್‌ನಿಂದ ಫೋನ್ ಬಂತು. ಹೋಗಿ ನೋಡಿದರೆ ಮಗು ಚಾಪೆಯ ಮೂಲೆಯಲ್ಲಿ ಕೆಂಪು ಮುಖ ಮಾಡಿಕೊಂಡು, ಚೀಲವನ್ನು ತಬ್ಬಿಕೊಂಡು ಕೂತಿತ್ತು. ಆ ಮೂರು ಗಂಟೆಯಲ್ಲಿ ಅದು ಎಷ್ಟು ಮಕ್ಕಳ ಜೊತೆ ಆಟದ ಸಾಮಾನು ಹಂಚಿಕೊಂಡಿತ್ತೋ. ಔಷಧಿ ಕೊಡಬೇಡಿ ಅನ್ನುತ್ತಿಲ್ಲ. ಮಗುವಿಗೆ ಸಂಕಟ ಆಗುತ್ತಿದ್ದರೆ ಖಂಡಿತ ಕೊಡಿ. ಕೊಟ್ಟ ದಿನ ಮನೆಯಲ್ಲಿ ಇಟ್ಟುಕೊಳ್ಳಿ, ಅಷ್ಟೇ.

ಔಷಧಿಯ ಮಾತು ಬಂದಿದ್ದರಿಂದ ಇನ್ನೆರಡು ಎಚ್ಚರಿಕೆ. ನೆಗಡಿಯ ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದನ್ನೂ ಕೊಟ್ಟು ಜ್ವರದ ಸಿರಪ್ಪನ್ನೂ ಕೊಟ್ಟರೆ ಡೋಸ್ ಎರಡರಷ್ಟಾಗುತ್ತದೆ. ಬಾಟಲಿಯ ಮೇಲಿನ ಹೆಸರು ಓದದೆ ಕೊಡಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗಂತೂ ಕೆಮ್ಮು-ನೆಗಡಿಯ ಸಿರಪ್ಪನ್ನು ಡಾಕ್ಟರ್ ಹೇಳದೆ ಕೊಡಲೇಬೇಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ವೈರಲ್ ಜ್ವರದಲ್ಲಿ ಅದನ್ನು ಕೊಟ್ಟರೆ ಮಿದುಳು, ಲಿವರ್ ಎರಡಕ್ಕೂ ಪೆಟ್ಟು ಬೀಳುವ ರೈಸ್ ಸಿಂಡ್ರೋಮ್ ಅನ್ನುವ ಅಪಾಯ ಇದೆ.

‘ಹಲ್ಲು ಬರ್ತಾ ಇದೆ, ಅದಕ್ಕೇ ಜ್ವರ’ ಅನ್ನುವ ಮಾತನ್ನೂ ನಂಬಬೇಡಿ. ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು, ಜೊಲ್ಲು ಸುರಿಯಬಹುದು, ಕಿರಿಕಿರಿ ಇರಬಹುದು. 38 ದಾಟಿತು ಅಂದರೆ ಕಾರಣ ಬೇರೆ ಏನೋ ಇದೆ.

3. ಮೂರು ಪ್ರಶ್ನೆ ಕೇಳಿಕೊಳ್ಳಿ

ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ಡೇಕೇರ್‌ಗಳಿಗೆ ಹೇಳಿಕೊಡುವ ಅಳತೆಗೋಲು ಇದು. ನನಗೆ ಇದಕ್ಕಿಂತ ಸರಳವಾದದ್ದು ಸಿಕ್ಕಿಲ್ಲ.

ಒಂದು, ಮಗು ಅಲ್ಲಿ ಉಳಿದ ಮಕ್ಕಳ ಹಾಗೆ ಆಡಿ, ಉಂಡು, ಮಲಗಿ ದಿನ ಕಳೆಯಬಲ್ಲದಾ? ಎರಡು, ಅದನ್ನು ನೋಡಿಕೊಳ್ಳುವುದರಲ್ಲೇ ಅಲ್ಲಿನವರ ಗಮನವೆಲ್ಲ ಹೋಗಿ ಬೇರೆ ಮಕ್ಕಳು ಬಾಕಿಯಾಗುತ್ತಾರಾ? ಮೂರು, ಬೇರೆಯವರಿಗೆ ಹರಡಿ ತೊಂದರೆ ಕೊಡುವ ಕಾಯಿಲೆಯಾ?

ಒಂದಕ್ಕೆ ‘ಇಲ್ಲ’ ಅಂತಲೋ, ಎರಡು ಅಥವಾ ಮೂರಕ್ಕೆ ‘ಹೌದು’ ಅಂತಲೋ ಬಂದರೆ ಮನೆ. ಜ್ವರವೇ ಇಲ್ಲದಿದ್ದರೂ ಮಗು ಹೆಗಲಿನಿಂದ ಇಳಿಯಲು ಒಪ್ಪುತ್ತಿಲ್ಲ, ಇಷ್ಟದ ಆಟದ ಸಾಮಾನನ್ನು ತಿರುಗಿಯೂ ನೋಡುತ್ತಿಲ್ಲ ಅಂದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು, ಅಲ್ವಾ? ಥರ್ಮಾಮೀಟರ್‌ನ ಸಂಖ್ಯೆಗಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ.

4. ಲಕ್ಷಣ ನೋಡಿ ತೀರ್ಮಾನ

ನೆಗಡಿ: ಡೇಕೇರ್‌ಗೆ ಹೋಗುವ ಪುಟ್ಟ ಮಗುವಿಗೆ ವರ್ಷಕ್ಕೆ ಎಂಟರಿಂದ ಹನ್ನೆರಡು ಸಲ ನೆಗಡಿ ಬರುವುದು ಮಾಮೂಲು. ಸಿಂಬಳ ಮೊದಲು ನೀರಿನಂತೆ ಇರುತ್ತದೆ, ಆಮೇಲೆ ಗಟ್ಟಿಯಾಗಿ ಹಳದಿ ಅಥವಾ ಹಸಿರಾಗುತ್ತದೆ. ಹಸಿರು ಬಣ್ಣ ಬರುವುದು ಸೋಂಕಿನ ಜೊತೆ ಹೋರಾಡುವ ನಮ್ಮದೇ ರಕ್ತಕಣಗಳಿಂದ. ‘ಕಾಯಿಲೆ ಜೋರಾಯ್ತು, ಆಂಟಿಬಯೋಟಿಕ್ ಬೇಕು’ ಅಂತ ಅದರ ಅರ್ಥವಲ್ಲ. ನೆಗಡಿ ಜಾಸ್ತಿ ಹರಡುವುದು ಮೊದಲ ಎರಡು ಮೂರು ದಿನ, ಕೆಲವೊಮ್ಮೆ ಲಕ್ಷಣ ಕಾಣುವ ಮೊದಲೇ. ಆರನೇ ದಿನದ ಸಿಂಬಳಕ್ಕೆ ಮನೆಯಲ್ಲಿ ಕೂರಿಸಿದರೆ ಯಾರಿಗೂ ಲಾಭವಿಲ್ಲ. ಜ್ವರ ಇಲ್ಲ, ಆಡುತ್ತಿದೆ, ತಿನ್ನುತ್ತಿದೆ ಅಂದರೆ ಕಳಿಸಿ. ಹತ್ತು ದಿನ ಕಳೆದರೂ ಕಮ್ಮಿಯಾಗದಿದ್ದರೆ, ಅಥವಾ ಕಮ್ಮಿಯಾಗಿ ಮತ್ತೆ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಕೆಮ್ಮು: ನೆಗಡಿ ಹೋದ ಮೇಲೂ ಎರಡು ಮೂರು ವಾರ ಉಳಿಯಬಹುದು. ಆಗೊಮ್ಮೆ ಈಗೊಮ್ಮೆ ಕೆಮ್ಮುವ ಮಗು ಹೋಗಬಹುದು. ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಳ್ಳುವುದು, ರಾತ್ರಿ ನಿದ್ದೆಯೇ ಇಲ್ಲದಿರುವುದು, ಉಸಿರಿನಲ್ಲಿ ಸಿಳ್ಳೆಯ ಸದ್ದು, ನಾಯಿ ಬೊಗಳಿದ ಹಾಗೆ ಒರಟು ಕೆಮ್ಮು ಇದ್ದರೆ ಮನೆಯಲ್ಲಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.

ವಾಂತಿ: 24 ಗಂಟೆಯಲ್ಲಿ ಎರಡು ಅಥವಾ ಹೆಚ್ಚು ಸಲ ಆಗಿದ್ದರೆ ಕಳಿಸಬೇಡಿ. ರಾತ್ರಿ ಒಂದೇ ಸಲ ಆಗಿ, ಕೆಮ್ಮಿನಿಂದಲೋ ಹೊಟ್ಟೆ ಬಿರಿಯ ತಿಂದದ್ದರಿಂದಲೋ ಅಂತ ಕಾರಣ ಗೊತ್ತಿದ್ದರೆ, ಬೆಳಗ್ಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತದಾ ನೋಡಿ ಕಳಿಸಬಹುದು. ಕಾರಣ ಗೊತ್ತಿಲ್ಲ, ಮನೆಯಲ್ಲಿ ಇನ್ನೊಬ್ಬರಿಗೂ ಹೊಟ್ಟೆ ಕೆಟ್ಟಿದೆ ಅಂದರೆ ಒಂದೇ ಸಲವಾದರೂ ಉಳಿಸಿಕೊಳ್ಳಿ.

ಭೇದಿ: ಡೈಪರ್ ಮೀರಿ ಹೊರಗೆ ಸೋರುತ್ತಿದ್ದರೆ, ದೊಡ್ಡ ಮಗುವಾದರೆ ಶೌಚಾಲಯ ಮುಟ್ಟುವಷ್ಟರಲ್ಲಿ ಆಗಿಬಿಡುತ್ತಿದ್ದರೆ, ಅಥವಾ ದಿನಕ್ಕೆ ಮಾಮೂಲಿಗಿಂತ ಎರಡು ಸಲಕ್ಕೂ ಹೆಚ್ಚು ಆಗುತ್ತಿದ್ದರೆ ಮನೆ. ರಕ್ತ ಕಂಡರೆ ಅವತ್ತೇ ಡಾಕ್ಟರ್. ಮನೆಯಲ್ಲಿರುವಾಗ ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕೊಡುತ್ತಿರಿ, ಒಮ್ಮೆಲೇ ಲೋಟ ಹಿಡಿಸಬೇಡಿ. ಕೈ ತೊಳೆಯುವುದಕ್ಕೆ ಸೋಪು-ನೀರೇ ಆಗಬೇಕು. ವಾಂತಿ-ಭೇದಿ ತರುವ ನೋರೋವೈರಸ್ ಸ್ಯಾನಿಟೈಸರ್‌ಗೆ ಸರಿಯಾಗಿ ಸಾಯುವುದಿಲ್ಲ.

ಕಣ್ಣು ಕೆಂಪಾಗುವುದು: ಕೆಂಗಣ್ಣಿಗೆ ಮನೆಯಲ್ಲಿ ಇರಲೇಬೇಕು ಅಂತ ಮಕ್ಕಳ ಡಾಕ್ಟರುಗಳು ಈಗ ಹೇಳುವುದಿಲ್ಲ. ಸಾಮಾನ್ಯ ನೆಗಡಿಯಷ್ಟೇ ಅದೂ. ಆದರೆ ಎಷ್ಟೋ ಡೇಕೇರ್‌ಗಳು ಸೇರಿಸಿಕೊಳ್ಳುವುದಿಲ್ಲ. ಅದಕ್ಕೆ ಮೊದಲು ಫೋನ್ ಮಾಡಿ ಕೇಳಿ. ಜ್ವರ ಇದ್ದರೆ, ರೆಪ್ಪೆ ತುಂಬ ಊದಿದ್ದರೆ, ಬೆಳಕು ನೋಡಲು ಆಗದಿದ್ದರೆ ಡಾಕ್ಟರಿಗೆ ತೋರಿಸದೆ ಕಳಿಸಬೇಡಿ.

ಮೈಮೇಲೆ ದದ್ದು: ಜ್ವರ ಅಥವಾ ಸಪ್ಪಗಿರುವುದು ಜೊತೆಗಿದ್ದರೆ ಡಾಕ್ಟರ್ ನೋಡುವ ತನಕ ಮನೆ. ದದ್ದು ಮಾತ್ರ ಇದ್ದು ಮಗು ಚುರುಕಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ರೋಸಿಯೋಲ ಅನ್ನುವ ಜ್ವರ ಮೂರರಿಂದ ಐದು ದಿನ ಜೋರಾಗಿ ಕಾದು, ಬಿಟ್ಟ ಮೇಲೆ ಮೈತುಂಬ ದದ್ದು ಏಳುತ್ತದೆ. ನೋಡಿದವರಿಗೆ ಗಾಬರಿ. ಮಗು ಅಷ್ಟು ಹೊತ್ತಿಗೆ ಗುಣದ ದಾರಿಯಲ್ಲಿರುತ್ತದೆ.

ಕಿವಿನೋವು: ಕಿವಿಯ ಸೋಂಕು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನೋವು, ಜ್ವರ ಇಲ್ಲದಿದ್ದರೆ ಹೋಗಲಿ.

ಹೇನು: ಮಗುವನ್ನು ಮಧ್ಯಾಹ್ನವೇ ವಾಪಸ್ ಕಳಿಸುವಂಥದ್ದೇನೂ ಅಲ್ಲ. ಸಂಜೆ ಮನೆಯಲ್ಲಿ ಔಷಧಿ ಹಚ್ಚಿ, ಸಣ್ಣ ಹಲ್ಲಿನ ಹಣಿಗೆಯಲ್ಲಿ ಬಾಚಿ, ಮರುದಿನ ಕಳಿಸಬಹುದು.

5. ಕಾಯಿಲೆಗೆ ಹೆಸರು ಸಿಕ್ಕಿದ್ದರೆ ಲೆಕ್ಕ ಬೇರೆ

ಡಾಕ್ಟರ್ ಇಂಥದೇ ಕಾಯಿಲೆ ಅಂತ ಹೇಳಿದ ಮೇಲೆ ‘ಚೆನ್ನಾಗಿ ಆಡ್ತಿದೆ’ ಅನ್ನುವುದು ಸಾಲದು. ಕಾಯಿಲೆ ಹರಡುವ ದಿನಗಳು ಮುಗಿಯಬೇಕು.

ಚಿಕನ್‌ಪಾಕ್ಸ್: ಗುಳ್ಳೆ ಏಳುವ ಒಂದೆರಡು ದಿನ ಮೊದಲಿಂದಲೇ ಹರಡುತ್ತದೆ. ಪ್ರತಿಯೊಂದು ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಕಳಿಸುವಂತಿಲ್ಲ. ಹೆಚ್ಚಾಗಿ ಐದರಿಂದ ಏಳು ದಿನ ಬೇಕಾಗುತ್ತದೆ. ಮುಖ, ಹೊಟ್ಟೆ ಮಾತ್ರ ನೋಡಿ ಮುಗಿಸಬೇಡಿ. ಕೂದಲೊಳಗೆ, ಕಿವಿ ಹಿಂದೆ, ಡೈಪರ್ ಕೆಳಗೆ ಹೊಸದು ಎದ್ದಿರುತ್ತದೆ.

ದಡಾರ: ದದ್ದು ಕಂಡ ದಿನದಿಂದ ನಾಲ್ಕು ದಿನ ಪೂರ್ತಿ ಆಗಬೇಕು. ಇದು ಬಹಳ ಸುಲಭವಾಗಿ ಅಂಟುವ ಕಾಯಿಲೆ. ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲೂ ವೈರಸ್ ಎರಡು ಗಂಟೆಯವರೆಗೆ ಇರಬಲ್ಲದು. ಅನುಮಾನ ಬಂದರೆ ಆಸ್ಪತ್ರೆಗೂ ಮೊದಲೇ ಫೋನ್ ಮಾಡಿ ಹೋಗಿ.

ಮಂಗನಬಾವು: ಕೆನ್ನೆ ಊದಿದ ಮೇಲೆ ಐದು ದಿನ.

ನಾಯಿಕೆಮ್ಮು (ವೂಪಿಂಗ್ ಕಾಫ್): ಸರಿಯಾದ ಆಂಟಿಬಯೋಟಿಕ್ ಶುರು ಮಾಡಿ ಐದು ದಿನ. ಔಷಧಿ ತೆಗೆದುಕೊಳ್ಳದಿದ್ದರೆ ಕೆಮ್ಮು ಶುರುವಾಗಿ 21 ದಿನ. ಪುಟ್ಟ ಕೂಸುಗಳಿಗೆ ಇದು ಜೀವಕ್ಕೇ ಅಪಾಯ. ಹಾಗಾಗಿ ಒಂದು ದಿನವೂ ಮೊದಲೇ ಕಳಿಸಬೇಡಿ.

ಸ್ಟ್ರೆಪ್ ಗಂಟಲು ನೋವು: ಸ್ಟ್ರೆಪ್ ಅಂದರೆ ಗಂಟಲಿಗೆ ಬರುವ ಒಂದು ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ ಶುರುವಾಗಿ 24 ಗಂಟೆ ಕಳೆದು, ಜ್ವರ ಬಿಟ್ಟಿದ್ದರೆ ಸರಿ. ಮಗು ಹುಷಾರಾಯಿತು ಅಂತ ಕೋರ್ಸನ್ನು ಅರ್ಧಕ್ಕೆ ನಿಲ್ಲಿಸಬೇಡಿ.

ಕೈ-ಕಾಲು-ಬಾಯಿ ರೋಗ: ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆ ಏಳುವ ವೈರಲ್ ಕಾಯಿಲೆ. ಇದರ ಬಗ್ಗೆ ಜಗಳಗಳೇ ಜಾಸ್ತಿ. ಗುಳ್ಳೆ ಹೋದ ಮೇಲೂ ವೈರಸ್ ಮಲದಲ್ಲಿ ವಾರಗಟ್ಟಲೆ ಬರುತ್ತಿರುತ್ತದೆ. ಅದು ಪೂರ್ತಿ ನಿಲ್ಲುವ ತನಕ ಕಾಯುತ್ತೇವೆ ಅನ್ನುವುದು ನಡೆಯುವ ಮಾತಲ್ಲ. ಜ್ವರ ಬಿಟ್ಟಿರಬೇಕು, ಬಾಯಿಹುಣ್ಣಿನಿಂದ ಜೊಲ್ಲು ಸುರಿಯುವುದು ನಿಂತಿರಬೇಕು, ಮಗು ತಿನ್ನುತ್ತಿರಬೇಕು. ಗುಳ್ಳೆ ಒಣಗುವ ತನಕ ಬೇಡ ಅಂತ ನಿಮ್ಮ ಡೇಕೇರ್ ಹೇಳಿದರೆ ವಾದಿಸದೆ ಒಪ್ಪಿಕೊಳ್ಳಿ. ವಾಪಸ್ ಹೋದ ಮೇಲೂ ಡೈಪರ್ ಬದಲಿಸಿದ ಪ್ರತಿ ಸಲ ಕೈ ತೊಳೆಯುವುದೇ ನಿಜವಾದ ತಡೆ.

ಚರ್ಮದ ಸೋಂಕು: ಕಜ್ಜಿಯಾದರೆ ಮೊದಲ ಸಲದ ಔಷಧಿ ಹಚ್ಚಿ ಮುಗಿಸಿದ ಮೇಲೆ, ಹುಳಕಡ್ಡಿಯಾದರೆ ಔಷಧಿ ಶುರು ಮಾಡಿ ಜಾಗ ಮುಚ್ಚಿ ಕಳಿಸಬಹುದು. ಕಜ್ಜಿಗೆ ಮನೆಯವರೆಲ್ಲ ಒಟ್ಟಿಗೆ ಔಷಧಿ ಮಾಡಿಕೊಳ್ಳದಿದ್ದರೆ ಅದು ಸುತ್ತಿ ಸುತ್ತಿ ಬರುತ್ತದೆ.

6. ಡೇಕೇರ್‌ಗೆ ನಿಜ ಹೇಳಿ

‘ಸ್ವಲ್ಪ ಹುಷಾರಿಲ್ಲ, ಬರಲ್ಲ’ ಅಂತ ಒಂದು ಸಾಲು ಸಾಲದು. ಏನು ಲಕ್ಷಣ, ಯಾವಾಗ ಶುರುವಾಯಿತು, ಡಾಕ್ಟರ್ ಏನು ಅಂದರು, ಇಷ್ಟನ್ನೂ ಹೇಳಿ. ಹೀಗೆ ಬರೆದರೆ ಸಾಕು: ‘ನಿನ್ನೆ ಸಂಜೆಯಿಂದ ಜ್ವರ, 38.6. ರಾತ್ರಿ ಎರಡು ಸಲ ವಾಂತಿ. ಇವತ್ತು, ನಾಳೆ ಬರುವುದಿಲ್ಲ. ಡಾಕ್ಟರ್ ನೋಡಿದ ಮೇಲೆ ತಿಳಿಸುತ್ತೇನೆ.’ ಅಷ್ಟು ಗೊತ್ತಾದರೆ ಅವರು ಬೇರೆ ಮಕ್ಕಳ ಮೇಲೆ ಕಣ್ಣಿಡುತ್ತಾರೆ, ಆಟದ ಸಾಮಾನು ತೊಳೆದಿಡುತ್ತಾರೆ.

ಅಲ್ಲಿ ಕೆಲಸ ಮಾಡುವವರಲ್ಲಿ ಬಸುರಿಯರಿರಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದು ಸೋಂಕು ತಡೆಯುವ ಶಕ್ತಿ ಕಮ್ಮಿಯಿರುವ ಮಗು ಇರಬಹುದು. ಚಿಕನ್‌ಪಾಕ್ಸ್, ದಡಾರ, ರುಬೆಲ್ಲಾ ಇಂಥವರಿಗೆ ಬೇರೆಯೇ ಮಟ್ಟದ ಅಪಾಯ. ಮಗುವಿನ ಕಾಯಿಲೆಯ ಹೆಸರು ಹೇಳಲು ಸಂಕೋಚ ಬೇಡ. ನೀವು ಮುಚ್ಚಿಟ್ಟ ಒಂದು ದಿನದಲ್ಲಿ ಅವರಿಗೆ ಸಿಗಬೇಕಾದ ಚಿಕಿತ್ಸೆ ತಪ್ಪಿಹೋಗಬಹುದು.

ಜ್ವರದ್ದಲ್ಲದ ಬೇರೆ ಔಷಧಿಯನ್ನು ರಾತ್ರಿಯೋ ಬೆಳಗ್ಗೆಯೋ ಕೊಟ್ಟು ಕಳಿಸಿದ್ದರೆ ಅದನ್ನೂ ಹೇಳಿ. ಬೆಳಗ್ಗೆ ನೀವು ಕೊಟ್ಟದ್ದು ಗೊತ್ತಿಲ್ಲದೆ ಮಧ್ಯಾಹ್ನ ಬೇಗನೆ ಅವರೂ ಕೊಟ್ಟರೆ ಕಷ್ಟ.

7. ವಾಪಸ್ ಕಳಿಸುವ ದಿನ

ಜ್ವರಕ್ಕೆ ನಿಯಮ ಒಂದೇ: ಔಷಧಿ ಇಲ್ಲದೆ 24 ಗಂಟೆ ಜ್ವರ ಇರಬಾರದು. ಲೆಕ್ಕ ಹಾಕುವಾಗ ಎಡವುವುದು ಇಲ್ಲಿಯೇ. ಮಂಗಳವಾರ ಸಂಜೆ ಆರಕ್ಕೆ ಕೊನೆಯ ಸಲ ಜ್ವರ ಕಂಡಿತು ಅಂದುಕೊಳ್ಳಿ. ಬುಧವಾರ ಬೆಳಗ್ಗೆ ಮೈ ತಣ್ಣಗಿದ್ದರೂ 24 ಗಂಟೆ ತುಂಬಿಲ್ಲ. ಮಗು ಹೋಗಬೇಕಾದ್ದು ಗುರುವಾರ. ಬುಧವಾರ ಮಧ್ಯಾಹ್ನ ಒಂದು ಡೋಸ್ ಕೊಟ್ಟಿದ್ದರೆ ಗುರುವಾರವೂ ಅಲ್ಲ.

ವಾಂತಿ-ಭೇದಿಗೆ ಕೆಲವು ಕಡೆ ಕೊನೆಯ ಸಲ ಆಗಿ 24 ಗಂಟೆ ಅನ್ನುತ್ತಾರೆ, ಬ್ರಿಟನ್‌ನಲ್ಲಿ 48 ಗಂಟೆ. ಆಗುವುದಾದರೆ 48 ಕಾಯಿರಿ ಅಂತಲೇ ನನ್ನ ಮಾತು. ಹೊಟ್ಟೆಯ ಸೋಂಕು ಡೇಕೇರ್‌ನಲ್ಲಿ ಹರಡುವ ವೇಗ ನೋಡಿದವರಿಗೆ ಆ ಒಂದು ದಿನದ ಬೆಲೆ ಗೊತ್ತು.

ಹಿಂದಿನ ರಾತ್ರಿ ಮಗು ಸರಿಯಾಗಿ ಮಲಗಿತ್ತಾ, ಬೆಳಗ್ಗೆ ಮಾಮೂಲಿನ ಅರ್ಧದಷ್ಟಾದರೂ ತಿಂದಿತಾ, ಉಚ್ಚೆ ಸರಿಯಾಗಿ ಆಗುತ್ತಿದೆಯಾ ನೋಡಿ. ಮೊದಲ ದಿನ ಸಾಧ್ಯವಾದರೆ ಅರ್ಧ ದಿನ ಮಾತ್ರ ಬಿಡಿ. ಚೀಲದಲ್ಲಿ ಒಂದು ಜೊತೆ ಬಟ್ಟೆ ಜಾಸ್ತಿ ಇಡಿ. ಬಿಡುವಾಗ ಬಾಗಿಲಲ್ಲಿ ನಿಂತು ಮೂರು ವಿಷಯ ಹೇಳಿ ಹೊರಡಿ: ಕೊನೆಯ ಜ್ವರ ಯಾವಾಗ, ಕೊನೆಯ ಔಷಧಿ ಯಾವಾಗ, ಇವತ್ತು ನಿಮ್ಮ ಯಾವ ನಂಬರಿಗೆ ಮಾಡಿದರೆ ತಕ್ಷಣ ಸಿಗುತ್ತೀರಿ. ಆ ಫೋನನ್ನು ಸೈಲೆಂಟ್‌ನಲ್ಲಿ ಇಡಬೇಡಿ.